ತೀರ್ಥಹಳ್ಳಿಯ ಅಟ್ಟದಲ್ಲಿ ಎಡಿಎಸ್-ಬಿ ಡಾಂಗಲ್: ಒಂದು ಮಳೆಗಾಲ ಕಳೆದ ಮೇಲೆ

ಹಾರೋ ವಿಮಾನ ತಾನೆಲ್ಲಿದ್ದೀನಿ ಅಂತ ರೇಡಿಯೋದಲ್ಲಿ ಸಾರೋದಕ್ಕೆ ಎಡಿಎಸ್-ಬಿ ಅಂತಾರೆ; ಅದನ್ನ ಹಿಡಿದು ಕಂಪ್ಯೂಟರಿನ ಪರದೆ ಮೇಲೆ ವಿಮಾನಗಳನ್ನ ತೋರಿಸೋ ಪುಟ್ಟ ರಿಸೀವರ್ ಈ ಡಾಂಗಲ್. ತಗೊಳ್ಳಿ. ಅದರ ಜೊತೆ ಕೊಡೋ ಪುಟ್ಟ ಆಂಟೆನಾವನ್ನ ಮಕ್ಕಳಿಗೆ ಆಡಕ್ಕೆ ಕೊಡಿ. ಅವಸರದಲ್ಲಿರೋರು ಇಷ್ಟು ಓದಿ ಎದ್ದು ಹೋಗಬಹುದು.

ನಾನು ತೀರ್ಥಹಳ್ಳಿ ಕಡೆಯ ಕೇಬಲ್ ಟಿವಿಯವ. ಡಿಶ್ ಕೂರಿಸೋದು, ಎಲ್‌ಎನ್‌ಬಿ ಬದಲಾಯಿಸೋದು, ಮರ ಬಿದ್ದು ಕಡಿದ ಕೇಬಲ್ಲಿಗೆ ಜಾಯಿಂಟ್ ಹಾಕೋದು, ಇಷ್ಟರಲ್ಲೇ ಪ್ರಾಯ ಕಳೀತು. ಈಗ ಊರಿಗೆ ಫೈಬರ್ ಬಂದಿದೆ, ಜನ ಎಲ್ಲಾನೂ ಮೊಬೈಲಲ್ಲೇ ನೋಡ್ತಾರೆ. ಉಳಿದ ಆರ್‌ಜಿ-6 ಕೇಬಲ್ ಸುರುಳಿ, ಎಫ್ ಕನೆಕ್ಟರ್ ಡಬ್ಬಿ ಅಟ್ಟದ ಮೇಲೆ ಧೂಳು ತಿನ್ನುತ್ತಾ ಕೂತಿದ್ದವು. ಬೆಂಗಳೂರಲ್ಲಿರೋ ತಂಗಿ ಮಗ "ಮಾವ, ನಿಮಗೆ ಹೇಳಿ ಮಾಡಿಸಿದ ಸಾಮಾನು ಇದು" ಅಂತ ಲಿಂಕ್ ಕಳಿಸಿದ. ನೋಡಿದರೆ ಮೂಲದಲ್ಲಿ ಇದೂ ಟಿವಿ ಸಾಮಾನೇ. ಒಳಗಿರೋ ಆರ್‌ಟಿಎಲ್2832ಯು ಅನ್ನೋ ಚಿಪ್ ಕಂಪ್ಯೂಟರಿನಲ್ಲಿ ಡಿಜಿಟಲ್ ಟಿವಿ ನೋಡಲಿ ಅಂತ ಮಾಡಿದ್ದು. 2012ರ ಹೊತ್ತಿಗೆ ಕೆಲವು ಹವ್ಯಾಸಿಗಳು ಇದು ಟಿವಿ ಬಿಟ್ಟು ಬೇರೆ ಅಲೆಗಳನ್ನೂ ಹಿಡಿದು ಕಂಪ್ಯೂಟರಿಗೆ ಹಸಿಹಸಿಯಾಗಿ ಕೊಡುತ್ತೆ ಅಂತ ಪತ್ತೆ ಮಾಡಿದರು. ಅಲ್ಲಿಂದ ಇದರ ಹೆಸರೇ ಆರ್‌ಟಿಎಲ್-ಎಸ್‌ಡಿಆರ್ ಅಂತಾಯ್ತು. ನಾನು ತರಿಸಿದ್ದರಲ್ಲಿ ವಿಮಾನಗಳು ಸಾರೋ 1090 ಮೆಗಾಹರ್ಟ್ಸ್‌ಗೆ ಅಂತಲೇ ಫಿಲ್ಟರ್, ಪುಟ್ಟ ಬೂಸ್ಟರ್ ಒಳಗೇ ಇದೆ. ಮೂರೂವರೆ ಸಾವಿರದ ಆಸುಪಾಸು ಆಯ್ತು. ಜೊತೆಗೊಂದು ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರ್ ಬೋರ್ಡ್ ಬೇಕು. ಮನೇಲಿ ಹಳೇ ಲ್ಯಾಪ್‌ಟಾಪ್ ಇದ್ದರೆ ಅದೂ ಆದೀತು. ಸಾಫ್ಟ್‌ವೇರ್ ಪುಕ್ಕಟೆ. ಡಂಪ್1090 ಅಂತ ಮೊದಲು ಬರೆದವರು ಇಟಲಿಯ ಸಾಲ್ವಟೋರೆ ಸಾನ್‌ಫಿಲಿಪ್ಪೊ, ರೆಡಿಸ್ ಅನ್ನೋ ಡೇಟಾಬೇಸ್ ಮಾಡಿದ್ದೂ ಅವರೇ ಅಂತೆ. ಅದನ್ನ ಹಾಕೋ ಕೆಲಸ ಅಳಿಯ ಫೋನಲ್ಲಿ ಹೇಳುತ್ತಾ ಹೋದ, ನಾನು ಒತ್ತುತ್ತಾ ಹೋದೆ. ಅದರ ಬಗ್ಗೆ ನನ್ನನ್ನ ಕೇಳಬೇಡಿ.

ಆಂಟೆನಾ ಬಗ್ಗೆ ಕೇಳಿ. ಜೊತೆಗೆ ಬರೋದು ಆಯಸ್ಕಾಂತದ ಪೀಠದ ಮೇಲಿನ ಒಂದು ಕಡ್ಡಿ. ಕಿಟಕಿ ಹತ್ತಿರ ಇಟ್ಟರೆ ತಲೆ ಮೇಲೆ ಹೋಗೋ ನಾಲ್ಕೈದು ವಿಮಾನ ಹಿಡಿಯುತ್ತೆ, ಅಷ್ಟಕ್ಕೇ ಸುಸ್ತು. ಸರಿಯಾದ್ದು ಬೇಕಾದರೆ ಮನೇಲೇ ಮಾಡಿ. 300ನ್ನ 1090ರಿಂದ ಭಾಗಿಸಿ: ಅಲೆಯ ಉದ್ದ 27.5 ಸೆಂಟಿಮೀಟರ್. ಅದರ ಕಾಲು ಭಾಗ 6.9. ಮನೆ ವೈರಿಂಗ್‌ನಲ್ಲಿ ಮಿಕ್ಕ ದಪ್ಪ ತಾಮ್ರದ ತಂತಿ ಸುಲಿದು, 6.9 ಸೆಂಟಿಮೀಟರಿನ ಐದು ತುಂಡು ಮಾಡಿ. ಚೌಕ ತಟ್ಟೆ ಇರೋ ಎಸ್‌ಒ-239 ಸಾಕೆಟ್ ಒಂದು ತರಿಸಿ. ಅದರ ನಡುಗಂಬಕ್ಕೆ ಒಂದು ತುಂಡನ್ನ ನೆಟ್ಟಗೆ ಬೆಸುಗೆ ಹಾಕಿ, ನಾಲ್ಕು ಮೂಲೆಯ ತೂತಿಗೆ ಉಳಿದ ನಾಲ್ಕನ್ನ ಸ್ಕ್ರೂ ಕೊಟ್ಟು ಬಿಗಿದು, 45 ಡಿಗ್ರಿ ಕೆಳಗೆ ಬಗ್ಗಿಸಿ. ಬೆಸುಗೆಯ ಗುಡ್ಡೆ ದೊಡ್ಡದಾದರೆ ತಂತಿಯ ಉದ್ದದ ಲೆಕ್ಕ ತಪ್ಪುತ್ತೆ, ಅದಕ್ಕೇ ಅಳತೆಯನ್ನ ತಟ್ಟೆಯ ಮಟ್ಟದಿಂದ ಹಿಡೀಬೇಕು. ಮೇಲಿಂದ ನೀರಿನ ಪೈಪಿನ ಪಿವಿಸಿ ತುಂಡೊಂದನ್ನ ಮುಚ್ಚಳ ಹಾಕಿ ಕವುಚಿ. ಇದನ್ನ ಹಳೇ ಡಿಶ್‌ನ ಜಿಐ ಪೈಪಿನ ತುದಿಗೆ ಕಟ್ಟಿದೆ. ಅಂಗಡಿ ಕಡ್ಡಿ ನಾಲ್ಕೈದೇ ತೋರಿಸುತ್ತಿತ್ತು, ಈಗ ವಿಮಾನಗಳ ಪಟ್ಟಿ ಪರದೆ ತುಂಬಿ ಕೆಳಗೆ ಇಳೀತು.

ಕೇಬಲ್ ಉದ್ದದಲ್ಲಿ ಜಿಪುಣತನ ಮಾಡಿ. ಆರ್‌ಜಿ-6ರಲ್ಲಿ ಈ ಆವರ್ತನಕ್ಕೆ 30 ಮೀಟರಿಗೆ ಸುಮಾರು 6 ಡೆಸಿಬಲ್ ಹೋಗುತ್ತೆ, ಅಂದರೆ ಹಿಡಿದ ಸಿಗ್ನಲ್‌ನಲ್ಲಿ ಮುಕ್ಕಾಲು ಪಾಲು ದಾರೀಲೇ ನಷ್ಟ. ಪೈ ಬೋರ್ಡನ್ನ ಹೆಂಚಿನ ಅಡಿಯಲ್ಲೇ, ಅಟ್ಟದ ತೊಲೆಗೆ ಕಟ್ಟಿ, ಕರೆಂಟನ್ನ ಅಲ್ಲಿಗೇ ಒಯ್ಯೋದು ಒಳ್ಳೇದು. ಕೇಬಲ್ 75 ಓಮ್, ಡಾಂಗಲ್ 50 ಓಮ್ ಅಂತ ತಲೆ ಕೆಡಿಸಿಕೊಳ್ಳಬೇಡಿ, ಆ ನಷ್ಟ ಜುಜುಬಿ. ಹತ್ತಿರದಲ್ಲಿ ಮೊಬೈಲ್ ಟವರ್ ಇದ್ದರೆ ಮಾತ್ರ ಫಿಲ್ಟರ್ ಇಲ್ಲದ ಡಾಂಗಲ್ ಬೇಡವೇ ಬೇಡ. 900ರ ಬ್ಯಾಂಡಿನ ಗದ್ದಲಕ್ಕೆ ಅದು ಕಿವುಡಾಗುತ್ತೆ. ಆಗ ಗೇನ್, ಅಂದರೆ ಸಿಗ್ನಲ್ ಹಿಗ್ಗಿಸೋ ಪ್ರಮಾಣ, ಏರಿಸೋದಲ್ಲ, ಇಳಿಸಿ ನೋಡಬೇಕು.

ಈಗ ಪರದೆಯಲ್ಲಿ ಎಂತ ಕಾಣುತ್ತೆ ಅಂತ ಹೇಳ್ತೀನಿ. ನಕ್ಷೆ ಮೇಲೆ ವಿಮಾನದ ಚಿಹ್ನೆಗಳು, ಪಕ್ಕದಲ್ಲಿ ಪಟ್ಟಿ: ಪ್ರತಿ ವಿಮಾನಕ್ಕೂ ಒಂದು ಕಾಯಂ ಸಂಖ್ಯೆ (ಭಾರತದಲ್ಲಿ ನೋಂದಾಯಿಸಿದ್ದಾದರೆ 80ರಿಂದ 83ರ ಒಳಗೆ ಶುರುವಾಗುತ್ತೆ), ಫ್ಲೈಟ್ ಹೆಸರು, ಎತ್ತರ, ವೇಗ, ಮತ್ತೆ ಸ್ಕ್ವಾಕ್ ಅನ್ನೋ ನಾಲ್ಕಂಕಿ. ಸ್ಕ್ವಾಕನ್ನ ಕೊಡೋದು ಸಂಚಾರ ನಿಯಂತ್ರಣದವರು, ಪೈಲಟ್ ಅದನ್ನ ಹಾಕಿಕೊಳ್ತಾರೆ. ಅದು 7700 ಆದರೆ ತುರ್ತು, 7600 ಆದರೆ ರೇಡಿಯೋ ಕೆಟ್ಟಿದೆ ಅಂತ.

ಈ ಪಟ್ಟಿಯಲ್ಲಿ ನಾನು ಎತ್ತರದ ಕಾಲಂ ನೋಡಿದಾಗೆಲ್ಲ ನೆನಪಾಗೋದು ಹರಿಯಾಣದ ಚರ್ಖಿ ದಾದ್ರಿಯ ವಿಮಾನ ದುರಂತ. 1996ರ ನವೆಂಬರ್ 12. ದೆಹಲಿಯಿಂದ ಏರುತ್ತಿದ್ದ ಸೌದಿಯ 747, ಇಳಿಯುತ್ತಿದ್ದ ಕಝಕಿಸ್ತಾನದ ಇಲ್ಯೂಶಿನ್, ಎರಡೂ ಒಂದೇ ದಾರಿಯಲ್ಲಿ ಎದುರುಬದುರು. ಒಂದಕ್ಕೆ 14,000 ಅಡಿ, ಇನ್ನೊಂದಕ್ಕೆ 15,000 ಅಡಿ ಅಂತ ಹೇಳಿದ್ದರು. ಇಲ್ಯೂಶಿನ್ ಹೇಳಿದ್ದಕ್ಕಿಂತ ಕೆಳಗೆ ಇಳೀತು. 349 ಜನ ಹೋದರು. ಆಗ ದೆಹಲಿ ನಿಯಂತ್ರಕರ ಮುಂದಿದ್ದದ್ದು ಪ್ರೈಮರಿ ರಾಡಾರ್: ಅಲೆ ಕಳಿಸುತ್ತೆ, ವಿಮಾನದ ಮೈಗೆ ತಾಗಿ ಬಂದದ್ದನ್ನ ನೋಡಿ ಯಾವ ದಿಕ್ಕು, ಎಷ್ಟು ದೂರ ಅನ್ನುತ್ತೆ. ಎತ್ತರ ಹೇಳಲ್ಲ. ಎತ್ತರಕ್ಕೆ ಪೈಲಟ್ ಬಾಯಲ್ಲಿ ಹೇಳಿದ್ದೇ ಆಧಾರ. ಆಮೇಲೆ ಅಲ್ಲಿಗೆ ಸೆಕೆಂಡರಿ ರಾಡಾರ್ ಬಂತು. ಅದು 1030 ಮೆಗಾಹರ್ಟ್ಸ್‌ನಲ್ಲಿ ಪ್ರಶ್ನೆ ಕೇಳುತ್ತೆ, ವಿಮಾನದ ಟ್ರಾನ್ಸ್‌ಪಾಂಡರ್ 1090ರಲ್ಲಿ ತನ್ನ ಸ್ಕ್ವಾಕ್, ಎತ್ತರ ಉತ್ತರಿಸುತ್ತೆ. ವಿಮಾನಗಳೇ ಒಂದನ್ನೊಂದು ಎಚ್ಚರಿಸೋ ಟಿಕ್ಯಾಸ್ ಭಾರತದಲ್ಲಿ ಕಡ್ಡಾಯ ಆದದ್ದೂ ಆ ದುರಂತದ ನಂತರವೇ.

ಎಡಿಎಸ್-ಬಿ ಅದಕ್ಕಿಂತ ಒಂದು ಹೆಜ್ಜೆ ಮುಂದೆ. ಯಾರೂ ಕೇಳಬೇಕಾಗಿಲ್ಲ. ವಿಮಾನ ಜಿಪಿಎಸ್‌ನಿಂದ ತಾನೆಲ್ಲಿದ್ದೀನಿ ಅಂತ ತಿಳಕೊಂಡು, ಸೆಕೆಂಡಿಗೆ ಹೆಚ್ಚುಕಡಿಮೆ ಎರಡು ಸಲ ಅದೇ 1090ರಲ್ಲಿ ಎಲ್ಲರಿಗೂ ಕೇಳೋ ಹಾಗೆ ಸಾರುತ್ತಾ ಹೋಗುತ್ತೆ. ಒಂದೊಂದು ಸಂದೇಶ 112 ಬಿಟ್, ಬೀಗ ಇಲ್ಲ, ಪಾಸ್‌ವರ್ಡ್ ಇಲ್ಲ. ನನ್ನ ಡಾಂಗಲ್ ಕೇಳಿಸಿಕೊಳ್ಳೋದು ಅದನ್ನೇ. ದೂರ ನೋಡೋ ರಾಡಾರ್ ಒಂದು ಸುತ್ತು ತಿರುಗಕ್ಕೆ ಹತ್ತು ಹನ್ನೆರಡು ಸೆಕೆಂಡ್ ತಗೊಳ್ಳುತ್ತೆ; ಅಷ್ಟರಲ್ಲಿ ಜೆಟ್ ಎರಡೂವರೆ ಕಿಲೋಮೀಟರ್ ಮುಂದೆ ಹೋಗಿರುತ್ತೆ. ಇಲ್ಲಿ ಹಾಗಲ್ಲ. ರಾಡಾರ್ ಕೂರಿಸೋ ಖರ್ಚಿನ ಎದುರು ನೆಲದ ಮೇಲಿನ ಎಡಿಎಸ್-ಬಿ ಕೇಂದ್ರದ ಖರ್ಚು ಏನೂ ಅಲ್ಲ. ಆಕಾಶದಲ್ಲಿ ಜಾಗ ಉಳಿಯೋದೂ ಇದರಿಂದಲೇ. ಯಾವುದೂ ಕಾಣದ ಕಡೆ ಒಂದರ ಹಿಂದೆ ಇನ್ನೊಂದನ್ನ 10 ನಿಮಿಷದ ಅಂತರದಲ್ಲಿ ಬಿಡಬೇಕಾದರೆ ಅದು ಜೆಟ್ ವೇಗದಲ್ಲಿ 140-150 ಕಿಲೋಮೀಟರ್. ಪರದೆ ಮೇಲೆ ಕಾಣುತ್ತಿದ್ದರೆ ಅದೇ ಅಂತರ 5 ನಾಟಿಕಲ್ ಮೈಲು, ಅಂದರೆ 9 ಕಿಲೋಮೀಟರ್ ಚಿಲ್ಲರೆಗೆ ಇಳಿಯುತ್ತೆ. ಅಂತರ ಕಮ್ಮಿ ಆದಷ್ಟೂ ನೇರ ದಾರಿ, ಬೇಕಾದ ಎತ್ತರ ಸಿಗುತ್ತೆ, ಎಣ್ಣೆ ಉಳಿಯುತ್ತೆ.

ನಮ್ಮ ಮಲೆನಾಡಲ್ಲಿ ಇದರ ವ್ಯಾಪ್ತಿ ಹೇಗಿದೆ ಅಂತ ಕೇಳ್ತೀರಿ. 35,000 ಅಡಿ ಮೇಲೆ ಹೋಗೋದು 400 ಕಿಲೋಮೀಟರ್ ದೂರದಿಂದ ಕೇಳಿಸಬೇಕು, ಭೂಮಿಯ ಬಾಗಿನ ಲೆಕ್ಕ ಅದು. ನಮ್ಮಲ್ಲಿ ದಿಕ್ಕಿಗೊಂದು ಗುಡ್ಡ. ಎಷ್ಟು ದೂರದವರೆಗೆ ಕೇಳಿಸಿದೆ ಅನ್ನೋ ಗೆರೆಯನ್ನ ಸಾಫ್ಟ್‌ವೇರ್ ತಾನೇ ಎಳೆಯುತ್ತೆ. ನನ್ನದು ಇಲಿ ಕಚ್ಚಿದ ಹಪ್ಪಳದ ಹಾಗಿದೆ. ಆಗುಂಬೆ ಕಡೆ ಘಟ್ಟದ ಅಂಚು ಒಂದಿಷ್ಟು ತಿಂದಿದೆ, ಆದರೂ ಸಮುದ್ರದ ಮೇಲಿಂದ ಬೆಂಗಳೂರಿಗೆ ಬರೋ ಕೊಲ್ಲಿ ದೇಶದ ವಿಮಾನಗಳು ಚೆನ್ನಾಗೇ ಸಿಗುತ್ತವೆ. ಪೂರ್ವಕ್ಕೆ, ಮಂಡಗದ್ದೆ ಕಡೆ, ಮೇಲಿನದ್ದು ಸಲೀಸು, ಕೆಳಗಿಳಿದದ್ದು ಮಾಯ. ಮಳೆ ಸಿಗ್ನಲನ್ನ ಅಷ್ಟೇನೂ ತಿನ್ನಲ್ಲ. ಡಿಶ್‌ಗೆ ಆಗೋ ಹಾಗೆ ಮೋಡ ಕವಿದ ಕೂಡಲೇ ಚಿತ್ರ ಹೋಗೋದು ಇಲ್ಲಿಲ್ಲ, ಆವರ್ತನ ಕಡಿಮೆ. ಒದ್ದೆ ಅಡಿಕೆ ಸೋಗೆ ಅಡ್ಡ ಬಂದರೆ ತಿನ್ನುತ್ತೆ. ಕಂಬ ತೋಟಕ್ಕಿಂತ ಮೇಲಿರಲಿ. ಇನ್ನೊಂದು, ಅಡಿಕೆಗೆ ಕೊಳೆ ಔಷಧಿ ಹೊಡೆಯೋ ದಿನ ಬೋರ್ಡೋ ಹನಿ ಗಾಳೀಲಿ ಬಂದು ಕೂರುತ್ತೆ. ನನ್ನ ಪೈಪಿನ ತುದಿಯೆಲ್ಲ ಮೈಲುತುತ್ತದ ನೀಲಿ. ಕನೆಕ್ಟರನ್ನ ರಬ್ಬರ್ ಟೇಪಿನಲ್ಲಿ ಕೆಳಗಿಂದ ಮೇಲಕ್ಕೆ ಸುತ್ತಿ. ಮೇಲಿಂದ ಕೆಳಕ್ಕೆ ಸುತ್ತಿದರೆ ಪ್ರತಿ ಮಡಿಕೆಯೂ ನೀರು ಹಿಡಿಯುತ್ತೆ.

ಈ ಪೆಟ್ಟಿಗೆಗೆ ಕೊಟ್ಟ ದುಡ್ಡು ವಸೂಲಾಯ್ತು ಅಂತ ನನಗೆ ಅನಿಸಿದ್ದು ಶಿವಮೊಗ್ಗ ಹತ್ತಿರದ ಸೋಗಾನೆಗೆ ಬರೋ ವಿಮಾನದಿಂದ. ಶಿವಮೊಗ್ಗ ವಿಮಾನ ನಿಲ್ದಾಣ 2023ರ ಫೆಬ್ರವರಿ 27ಕ್ಕೆ ಉದ್ಘಾಟನೆ ಆಯ್ತು, ಆಗಸ್ಟ್ 31ಕ್ಕೆ ಬೆಂಗಳೂರಿಂದ ಮೊದಲ ಎಟಿಆರ್ (ರೆಕ್ಕೆಗೆ ಫ್ಯಾನ್ ಇರೋ ಸಣ್ಣ ವಿಮಾನ) ಬಂತು. ರನ್‌ವೇ 3 ಕಿಲೋಮೀಟರಿಗೂ ಉದ್ದ. ಆದರೆ ಮಂಜು, ಮಳೆ ಇದ್ದಾಗ ವಿಮಾನ ವಾಪಸ್ ಹೋಯ್ತು ಅನ್ನೋ ಸುದ್ದಿ, ಮಂಜಲ್ಲೂ ಇಳಿಯೋ ದಾರಿ ತೋರಿಸೋ ಐಎಲ್‌ಎಸ್ ಬೇಕು ಅನ್ನೋ ಬೇಡಿಕೆ, ಇವನ್ನ ನಾವೆಲ್ಲ ಪೇಪರಿನಲ್ಲಿ ಓದಿದ್ದೀವಿ. ಆಷಾಢದ ಒಂದು ಬೆಳಿಗ್ಗೆ ಪಕ್ಕದ ಮನೆ ಮೇಷ್ಟ್ರು ಬಂದರು, ಮಗಳು ಆ ವಿಮಾನದಲ್ಲಿದ್ದಾಳೆ ಅಂತ. ಎಟಿಆರ್ ಜೆಟ್‌ಗಳಷ್ಟು ಮೇಲೆ ಹೋಗೋದಿಲ್ಲ, ಅದಕ್ಕೇ ನನ್ನ ಪರದೆಗೆ ಸ್ವಲ್ಪ ತಡವಾಗಿ ಬರುತ್ತೆ. ಬಂತು, ಇಳೀತಾ ಬಂತು, ಆಮೇಲೆ ಶಿವಮೊಗ್ಗದ ಮೇಲೆ ಓಟದ ಮೈದಾನದ ಆಕಾರದಲ್ಲಿ ಸುತ್ತಕ್ಕೆ ಶುರು ಮಾಡ್ತು. ಗೆರೆ ಮೇಲೆ ಗೆರೆ. ಕೊನೆಗೆ ಮೂತಿ ತಿರುಗಿಸಿ ಬೆಂಗಳೂರಿನ ದಾರಿ ಹಿಡೀತು.

"ವಿಮಾನ ಎಲ್ಲಿದೆ ಅಂತ ನಿಂಗೆ ಅಟ್ಟದಲ್ಲಿ ಕೂತು ಗೊತ್ತಾಗ್ತದೆ. ಅವ್ರಿಗೆ ಗೊತ್ತಿಲ್ವಾ? ಇಳ್ಸಕ್ಕೆ ಎಂತ ಧಾಡಿ ಮಾರಾಯ?" ಅಂದರು ಮೇಷ್ಟ್ರು.

"ಗೊತ್ತಿದೆ ಮೇಷ್ಟ್ರೇ, ಎಲ್ರಿಗೂ ಗೊತ್ತಿದೆ. ಪೈಲಟ್‌ಗೆ ರನ್‌ವೇ ಕಾಣ್ತಾ ಇಲ್ಲ, ಅಷ್ಟೇ."

ಇದು ಜನ ಒಂದಕ್ಕೊಂದು ಬೆರೆಸೋ ವಿಷಯ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳ್ತೀನಿ. ವಿಮಾನ ಎಲ್ಲಿದೆ ಅಂತ ನೋಡೋದು ಒಂದು ತಂತ್ರ. ಕಣ್ಣಿಗೆ ಕಾಣದ ರನ್‌ವೇ ಬುಡಕ್ಕೆ ಅದನ್ನ ಕೈಹಿಡಿದು ತರೋದು ಇನ್ನೊಂದು. ಕಣ್ಣಳತೆಯಲ್ಲೇ ಇಳಿಯೋ ನಿಯಮದಲ್ಲಿ ಸಾಮಾನ್ಯವಾಗಿ 5 ಕಿಲೋಮೀಟರ್ ಗೋಚರತೆ ಬೇಕು. ನಮ್ಮ ಆಷಾಢದಲ್ಲಿ ಎದುರು ಮನೆ ಜಗಲಿ ಕಂಡರೆ ಪುಣ್ಯ. ಐಎಲ್‌ಎಸ್ ಅಂದರೆ ರನ್‌ವೇ ತುದಿಯಿಂದ, ಪಕ್ಕದಿಂದ ಬಿಡೋ ಎರಡು ರೇಡಿಯೋ ದಾರಿ: ಒಂದು ಎಡ-ಬಲ ಹೇಳುತ್ತೆ, ಇನ್ನೊಂದು 3 ಡಿಗ್ರಿ ಇಳಿಜಾರು ಹೇಳುತ್ತೆ. ಒಂದು ಕಿಲೋಮೀಟರ್ ಮುಂದೆ ಬಂದರೆ 52 ಮೀಟರ್ ಕೆಳಗೆ ಇಳಿದಿರಬೇಕು, ಆ ಲೆಕ್ಕ. ಅದಕ್ಕೆ ಆಂಟೆನಾ ಸಾಲು, ಸಮತಟ್ಟು ಜಾಗ, ವಿಮಾನ ಹಾರಿಸಿ ತಪಾಸಣೆ, ವರ್ಷಪೂರ್ತಿ ಆರೈಕೆ ಬೇಕು.

ಇದಕ್ಕೆ ಇನ್ನೊಂದು ದಾರಿ ನಮ್ಮದೇ ಗಗನ್. ಇಸ್ರೋ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರ ಸೇರಿ ಮಾಡಿದ್ದು. ಜಿಪಿಎಸ್ ಸಿಗ್ನಲ್ ವಾತಾವರಣದ ಮೇಲಿನ ಪದರವಾದ ಅಯಾನುಗೋಳ ದಾಟಿ ಬರುವಾಗ ತಡವಾಗುತ್ತೆ, ಭೂಮಧ್ಯರೇಖೆ ಹತ್ತಿರದ ನಮ್ಮಂಥ ಕಡೆ ಆ ಕಾಟ ಜಾಸ್ತಿ. ದೇಶದ ಬೇರೆಬೇರೆ ಕಡೆಯ ನೆಲದ ಕೇಂದ್ರಗಳು ಆ ತಪ್ಪನ್ನ ಅಳೀತವೆ. ಬೆಂಗಳೂರಿನ ಕುಂದಲಹಳ್ಳಿಯಲ್ಲಿ ಲೆಕ್ಕ ಆಗುತ್ತೆ. ಜಿಸ್ಯಾಟ್-8, 10, 15 ಉಪಗ್ರಹಗಳ ಮೂಲಕ ತಿದ್ದುಪಡಿ ವಿಮಾನಕ್ಕೆ ತಲುಪುತ್ತೆ. 2015ರ ಏಪ್ರಿಲ್‌ನಲ್ಲಿ ಇಳಿಜಾರು ಮಾರ್ಗದರ್ಶನಕ್ಕೂ ಇದಕ್ಕೆ ಮಾನ್ಯತೆ ಸಿಕ್ತು. 2022ರ ಏಪ್ರಿಲ್ 28ಕ್ಕೆ ರಾಜಸ್ಥಾನದ ಕಿಶನ್‌ಗಢದಲ್ಲಿ ಇಂಡಿಗೋದ ಎಟಿಆರ್ ಗಗನ್ ಹಿಡಿದು ಇಳಿದು ತೋರಿಸ್ತು. ಅದೂ ಎಟಿಆರೇ, ಗಮನಿಸಿ. ಐಎಲ್‌ಎಸ್‌ನ ಮೊದಲ ದರ್ಜೆಗೆ ಹತ್ತಿರದ ಇಳಿಕೆ, ನಿಲ್ದಾಣದಲ್ಲಿ ಒಂದು ಆಂಟೆನಾನೂ ನೆಡದೆ. ಸಣ್ಣ ಊರಿನ ನಿಲ್ದಾಣಗಳಿಗೆ ಇದೇ ಸರಿ ಅಂತ ನನ್ನ ಅಭಿಪ್ರಾಯ. ಗುಡ್ಡ, ಟವರ್, ಮರ ಎಲ್ಲ ಅಳೆದು ದಾರಿ ಬರೆಯೋ ಕೆಲಸ, ವಿಮಾನಯಾನದ ಸರ್ಕಾರಿ ನಿಯಂತ್ರಕ ಡಿಜಿಸಿಎ ಒಪ್ಪಿಗೆ, ವಿಮಾನದಲ್ಲಿ ತಕ್ಕ ಉಪಕರಣ, ಪೈಲಟ್‌ಗೆ ತರಬೇತಿ, ಇವೆಲ್ಲ ಬೇಕೇ ಬೇಕು. ಹಾಗಂತ ಅದು ಕಾಂಕ್ರೀಟ್ ಸುರಿಯೋ ಖರ್ಚಲ್ಲ. ರನ್‌ವೇ ಮೇಲೆ ಎಷ್ಟು ದೂರ ಕಾಣುತ್ತೆ ಅಂತ ಅಳೆಯಕ್ಕೆ ಬೆಂಗಳೂರಿನ ಎನ್‌ಎಎಲ್ ಸಂಶೋಧನಾಲಯ ಮಾಡಿದ 'ದೃಷ್ಟಿ' ಯಂತ್ರವೂ ದೇಶದ ಎಷ್ಟೋ ನಿಲ್ದಾಣಗಳಲ್ಲಿದೆ. ಸಾಮಾನು ಮನೆಯದ್ದೇ ಇದೆ ಅಂದೆ.

ಮೇಷ್ಟ್ರ ಮಗಳು ಬೆಂಗಳೂರಿಂದ ರಾತ್ರಿ ಬಸ್ಸಿಗೆ ಬಂದಳು.

ಹಾಗಂತ ಡಾಂಗಲ್ ತೋರಿಸಿದ್ದೆಲ್ಲ ದೇವರ ಮಾತು ಅಂತ ಹಿಡೀಬೇಡಿ. ವಿಮಾನ ತಾನೆಲ್ಲಿದ್ದೀನಿ ಅಂತ ತಾನೇ ಹೇಳೋದು. ಅದರ ಜಿಪಿಎಸ್‌ಗೇ ಯಾರಾದರೂ ಸುಳ್ಳು ಸಿಗ್ನಲ್ ಕೊಟ್ಟರೆ ಅದು ಸುಳ್ಳನ್ನೇ ಪ್ರಾಮಾಣಿಕವಾಗಿ ಸಾರುತ್ತೆ. ಇಂಥ ಕಾಟದ ಬಗ್ಗೆ ಡಿಜಿಸಿಎ 2023ರ ನವೆಂಬರ್‌ನಲ್ಲೇ ವಿಮಾನ ಕಂಪನಿಗಳಿಗೆ ಸೂಚನೆ ಕೊಟ್ಟಿತ್ತು, 2025ರ ನವೆಂಬರ್‌ನಲ್ಲಿ ದೆಹಲಿ ಸುತ್ತ ಆದದ್ದು ದೊಡ್ಡ ಸುದ್ದಿಯಾಯ್ತು. ಪರದೆಯಲ್ಲಿ ಒಂದು ವಿಮಾನದ ಮೇಲೆ ಒತ್ತಿದರೆ ಎನ್‌ಐಸಿ, ಎನ್‌ಎಸಿ ಅಂತ ಸಣ್ಣ ಅಂಕೆಗಳು ಬರ್ತವೆ. ನನ್ನ ಸ್ಥಾನವನ್ನ ಎಷ್ಟು ನಂಬಬಹುದು ಅಂತ ವಿಮಾನವೇ ಹಾಕಿಕೊಳ್ಳೋ ಮಾರ್ಕು ಅದು. ಮಾರ್ಕು ಸೊನ್ನೆಗೆ ಬಿದ್ದರೆ ಎಲ್ಲೋ ಎಡವಟ್ಟಾಗಿದೆ ಅಂತ ಲೆಕ್ಕ. ಅದಕ್ಕೇ ಎಡಿಎಸ್-ಬಿ ಬಂತು ಅಂತ ರಾಡಾರನ್ನ ಗುಜರಿಗೆ ಹಾಕಿಲ್ಲ, ಹಾಕೋದೂ ಬೇಡ. ಎತ್ತರದ ಕಾಲಂ ಕೂಡ ಜಿಪಿಎಸ್ ಎತ್ತರ ಅಲ್ಲ, ಗಾಳಿ ಒತ್ತಡದ ಎತ್ತರ. ವಾಯುಭಾರ ಕುಸಿದ ದಿನ ಕೆಳಗಿಳಿದ ವಿಮಾನದ ಎತ್ತರ ನಿಜಕ್ಕಿಂತ ಹೆಚ್ಚು ತೋರಿಸುತ್ತೆ. ಸೇನೆಯ ಎಷ್ಟೋ ವಿಮಾನಗಳು ಸಾರೋದೇ ಇಲ್ಲ. ಟವರ್‌ನವರ ಮಾತು ಕೇಳೋ ಆಸೆ ಇದ್ದರೆ ಆ ಗೋಜಿಗೆ ಹೋಗಬೇಡಿ, ಅದರ ಕಾನೂನು ಬೇರೆ.

ಹಿಡಿದ ಮಾಹಿತಿಯನ್ನ ಪ್ರಪಂಚದ ವಿಮಾನಗಳನ್ನ ನಕ್ಷೆಯಲ್ಲಿ ತೋರಿಸೋ ಫ್ಲೈಟ್‌ರಾಡಾರ್24 ಜಾಲತಾಣಕ್ಕೆ ಕಳಿಸ್ತಾ ಇದ್ದರೆ ಅವರ ಬಿಸಿನೆಸ್ ಚಂದಾ ಪುಕ್ಕಟೆ ಸಿಗುತ್ತೆ. 2006ರಲ್ಲಿ ಸ್ವೀಡನ್ನಿನ ಇಬ್ಬರು ಹವ್ಯಾಸಿಗಳು ಶುರು ಮಾಡಿದ್ದು, ಈಗ ಪ್ರಪಂಚದ ಮೂಲೆಮೂಲೆಯಿಂದ ನಮ್ಮಂಥವರ ಅಟ್ಟಗಳೇ ಅದಕ್ಕೆ ಕಣ್ಣು. ಡೇಟಾ ಜಾಸ್ತಿ ತಿನ್ನಲ್ಲ.

ಈಗ ದೂರು. ಡಾಂಗಲ್‌ಗೆ ಕೊಟ್ಟಿರೋ ಕನೆಕ್ಟರ್ ಎಂಸಿಎಕ್ಸ್, ಅಕ್ಕಿ ಕಾಳಿಗಿಂತ ಸ್ವಲ್ಪ ದೊಡ್ಡದು. ಆರ್‌ಜಿ-6ರಂಥ ದಪ್ಪ ಕೇಬಲ್ ಅದಕ್ಕೆ ಜೋತುಬಿದ್ದರೆ ವಾರದಲ್ಲಿ ಸಡಿಲ. ನಡುವೆ ಒಂದಡಿ ತೆಳು ಕೇಬಲ್ ಹಾಕಲೇಬೇಕು, ಆ ತುಂಡನ್ನ ಪೆಟ್ಟಿಗೆಯಲ್ಲಿ ಕೊಟ್ಟಿಲ್ಲ. ಎಸ್‌ಎಂಎ ತಿರುಪಿನ ಮಾದರಿ ಸಿಕ್ಕರೆ ಮುನ್ನೂರು ನಾನ್ನೂರು ಹೆಚ್ಚಾದರೂ ಅದನ್ನೇ ತಗೊಳ್ಳಿ. ಡಾಂಗಲ್‌ನ ಮೈ ಬಿಸಿಯಾಗುತ್ತೆ, ಕೈ ಇಟ್ಟರೆ ಚುರುಕ್ ಅನ್ನುತ್ತೆ. ಮಲೆನಾಡ ಥಂಡಿಗೆ ಅದು ಒಳ್ಳೇದೇ ಆಯ್ತು, ಬೂಷ್ಟು ಹಿಡಿದಿಲ್ಲ. ಮಾರಾಟಗಾರರಿಗೆ ಕನೆಕ್ಟರ್ ಬಗ್ಗೆ ಬರೆದರೆ "ಚಾರ್ಜರ್ ಬದಲಿಸಿ ನೋಡಿ" ಅಂತ ಉತ್ತರ ಬಂತು. ಪ್ರಶ್ನೆ ಓದಿಯೇ ಇಲ್ಲ.

ಕರೆಂಟಿನ ಕಥೆ ನಿಮಗೆ ಗೊತ್ತಿದ್ದದ್ದೇ. ಪದೇಪದೇ ಹೋಗಿ ಬಂದರೆ ಪೈ ಬೋರ್ಡಿನ ಮೆಮೊರಿ ಕಾರ್ಡ್ ಕೆಡುತ್ತೆ, ಇನ್ವರ್ಟರ್ ಲೈನಿಗೇ ಹಾಕಿ. ಆ ಬೋರ್ಡಿನಲ್ಲಿ ಗಡಿಯಾರಕ್ಕೆ ಬ್ಯಾಟರಿ ಇರಲ್ಲ, ಸಮಯವನ್ನ ಇಂಟರ್ನೆಟ್ಟಿಂದ ತಗೋಬೇಕು. ಹಾಗಾಗಿ ಕರೆಂಟ್ ಬಂದ ಮೇಲೆ ನೆಟ್ ಬರದಿದ್ದರೆ ದಿನಾಂಕವೇ ಹಿಂದೆ ಉಳಿದಿರುತ್ತೆ. ಏಪ್ರಿಲ್-ಮೇ ಗುಡುಗಿನ ಕಾಲದಲ್ಲಿ ಸಂಜೆ ಮೋಡ ಕಟ್ಟಿದ ಕೂಡಲೇ ಕೇಬಲ್ ಬಿಚ್ಚಿ ಹೊರಗೆ ಎಸೀರಿ. ಕಂಬಕ್ಕೆ ಅರ್ಥಿಂಗ್ ಇದ್ದರೂ ಬಿಚ್ಚಿ. ಸಿಡಿಲಿಗೆ ಸುಟ್ಟ ಟಿವಿ ನಾನು ನೋಡಿದಷ್ಟು ನೀವು ನೋಡಿಲ್ಲ.

ಐದಕ್ಕೆ ನಾಲ್ಕು. ಕಳೆದ ಒಂದು ಆ ಕನೆಕ್ಟರಿಗೆ.

ಎಡಿಎಸ್-ಬಿ ಇಲ್ಲದೆ ಹಳೇ ಟ್ರಾನ್ಸ್‌ಪಾಂಡರ್ ಮಾತ್ರ ಇರೋ ವಿಮಾನಗಳನ್ನೂ ಹಿಡೀಬಹುದು. ಒಂದೇ ಸಂದೇಶ ಬೇರೆಬೇರೆ ಊರಿನ ರಿಸೀವರ್‌ಗೆ ಮುಟ್ಟೋ ಸಮಯದ ವ್ಯತ್ಯಾಸದಿಂದ ಸ್ಥಾನ ಲೆಕ್ಕ ಹಾಕ್ತಾರೆ, ಎಂಲ್ಯಾಟ್ ಅಂತ. ಅದಕ್ಕೆ ಕಡೇಪಕ್ಷ ನಾಲ್ಕು ರಿಸೀವರ್ ಒಂದೇ ವಿಮಾನವನ್ನ ಕೇಳಬೇಕು. ನಮ್ಮ ಸುತ್ತ ಅಷ್ಟಿಲ್ಲ. ಕೊಪ್ಪ, ಹೊಸನಗರ, ಸಾಗರ, ಶಿಕಾರಿಪುರ ಕಡೆಯವರು ಯಾರಾದರೂ ಹಾಕಿದರೆ ಸೆಟ್ಟಿಂಗ್‌ನಲ್ಲಿ ಅಕ್ಷಾಂಶ, ರೇಖಾಂಶ, ಆಂಟೆನಾ ಎತ್ತರ ಮೂರನ್ನೂ ಸರಿಯಾಗಿ ತುಂಬಿ. ಊರಿನ ಬಸ್‌ಸ್ಟ್ಯಾಂಡಿನದ್ದು ಹಾಕಬೇಡಿ, ನಿಮ್ಮ ಕಂಬದ್ದೇ ಹಾಕಿ.